ಹೀನ್ ಮೆನಿಕೆ ನಾಣ್ಯ ಕಟ್ಟಿದ ಪ್ರವಾಸ

ದೆಲ್‌ಗಹಗೊಡದಲ್ಲಿ ಮುದಿಯನ್ಸೆಯ ಅಪ್ಪಣೆಯಿಲ್ಲದೆ ಸೂರ್ಯ ಹುಟ್ಟಿದರೂ ಹುಟ್ಟಿಯಾನು, ಬಸ್ಸು ಮಾತ್ರ ಹೊರಡುತ್ತಿರಲಿಲ್ಲ. ಮೂವತ್ತಾರು ವರ್ಷ ಅವನು ಕೇಗಾಲೆಯ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿದ್ದವನು. ಕಿಂಡಿಯ ಹಿಂದೆ ಕೂತು ಸೀಟಿ ಊದಿದರೆ ಎಂಥ ಪುಂಡ ಡ್ರೈವರನೂ ಅರ್ಧ ಕುಡಿದ ಚಹಾ ಬಿಟ್ಟು ಓಡಿ ಬರಬೇಕು. ನಿವೃತ್ತನಾದ ದಿನ ಆ ಸೀಟಿಯನ್ನು ಆಫೀಸಿಗೆ ಒಪ್ಪಿಸಬೇಕಿತ್ತು. "ಕಳೆದುಹೋಗಿದೆ" ಎಂದು ಬರೆದುಕೊಟ್ಟು ಬಂದ. ಕಳೆದುಹೋದ ಸೀಟಿ ಅಂದಿನಿಂದ ಅವನ ಕೊರಳಲ್ಲೇ ನೇತಾಡುತ್ತಿತ್ತು, ಊರಿಗೆಲ್ಲ ಕಾಣುತ್ತಿತ್ತು, ಯಾರೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂದರೆ ಅವನು ನಮ್ಮೂರಿನ ನಡೆಗುರು. ಯಾತ್ರೆಗೋ ಪ್ರವಾಸಕ್ಕೋ ಹೊರಟ ಗುಂಪಿಗೆ ನಮ್ಮಲ್ಲಿ ನಡೆ ಎನ್ನುತ್ತಾರೆ, ಅದರ ಮುಂದಾಳು ನಡೆಗುರು. ಹೊರಡುವ ಮುನ್ನ ಒಂದು ನಾಣ್ಯವನ್ನು ಅರಿಶಿನದ ನೀರಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಬೋಧಿಮರದ ಪಕ್ಕದ ದೇವರ ಗುಡಿಯಲ್ಲಿ ಹರಕೆ ಹೊತ್ತು ಕಟ್ಟಬೇಕು. ಆ ನಾಣ್ಯ ಯಾರ ಕೈ ಕಟ್ಟಿತೋ ಅವರೇ ಆ ಸಲದ ಗುರು. ಮರಳಿ ಬಂದು ಗಂಟು ಬಿಚ್ಚುವ ತನಕ ಗುರುವಿನ ಮಾತಿಗೆ ಯಾರೂ ಎದುರಾಡುವಂತಿಲ್ಲ, ಎದುರಾಡಿದರೆ ದೇವರು ನೋಡಿಕೊಳ್ಳುತ್ತಾನೆ. ಮೂವತ್ತೊಂದು ವರ್ಷ, ಮೂವತ್ತೊಂದು ಪ್ರವಾಸ. ಮೂವತ್ತೊಂದು ಸಲವೂ ನಾಣ್ಯ ಕಟ್ಟಿದ್ದು ಮುದಿಯನ್ಸೆಯೇ.

ದಾರಿಯಲ್ಲಿ "ಇನ್ನೆಷ್ಟು ದೂರ?" ಎಂದು ಕೇಳಬಾರದು ಎಂಬುದು ಶ್ರೀಪಾದ ಬೆಟ್ಟ ಹತ್ತುವವರ ಹಳೆಯ ಕಟ್ಟಳೆ. ಕೇಳಿದರೆ ದಾರಿ ಬೆಳೆಯುತ್ತದಂತೆ. ಮುದಿಯನ್ಸೆ ಅದನ್ನು ಬಸ್ಸಿಗೂ ಹಾಕಿ, ಮೇಲೊಂದು ದಂಡವನ್ನೂ ಸೇರಿಸಿದ್ದ: ಕೇಳಿದವರು ಹೆರೆಮಣೆಯ ಮೇಲೆ ಕೂತು ಹತ್ತು ತೆಂಗಿನಕಾಯಿ ತುರಿಯಬೇಕು. ದಂಡ ಬಿದ್ದವರು ಒಂದೂವರೆ ಕಾಯಿ ತುರಿದು, ಬೆರಳು ಕುಯ್ದುಕೊಂಡು, ಬಾಯಿಗೆ ಬೆರಳಿಟ್ಟುಕೊಂಡು ಎದ್ದು ಹೋಗುತ್ತಿದ್ದರು. ಉಳಿದ ಎಂಟೂವರೆ ಕಾಯಿ ತುರಿಯುತ್ತಿದ್ದವಳು ಹೀನ್ ಮೆನಿಕೆ, ಮುದಿಯನ್ಸೆಯ ಹೆಂಡತಿ.

ಅವಳೂ ಮೂವತ್ತೊಂದು ಪ್ರವಾಸಕ್ಕೆ ಹೋದವಳೇ. ಅವಳನ್ನು ಕೇಳಿದರೆ ಲಂಕೆಯ ಸೌಂದರ್ಯವನ್ನೆಲ್ಲ ಹೇಳಿಯಾಳು: ಸೀಗಿರಿಯ ಬಂಡೆಯ ಬುಡದಲ್ಲಿ ಪಾತ್ರೆ ತೊಳೆಯಲು ಒಳ್ಳೆಯ ನೀರಿದೆ. ನುವರ ಎಲಿಯದಲ್ಲಿ ಸೌದೆ ಬೇಗ ಹತ್ತಿಕೊಳ್ಳುವುದಿಲ್ಲ. ಜಲಪಾತದ ಹತ್ತಿರ ಒಲೆ ಹೂಡಿದರೆ ಗಾಳಿ ಹೊಗೆಯನ್ನೆಲ್ಲ ಕಣ್ಣಿಗೇ ತರುತ್ತದೆ. ಮುದಿಯನ್ಸೆ ಜನರನ್ನು ಸಾಲಾಗಿ ನಿಲ್ಲಿಸಿ, ಸೀಟಿ ಊದಿ, ಕೈ ಚಾಚಿ "ನೋಡಿ! ಇಲ್ಲಿಂದ ನೋಡಿ!" ಎಂದು ತೋರಿಸುವಾಗ ಅವಳ ಬೆನ್ನು ಆ ಕಡೆಗಿರುತ್ತಿತ್ತು, ಮುಖ ಅನ್ನದ ಹಂಡೆಯ ಕಡೆಗೆ. ಬಡಿಸಿ, ಉಂಡು, ತೊಳೆದು ಸೆರಗಿಗೆ ಕೈ ಒರೆಸಿಕೊಂಡು ಅವಳು ಬರುವಷ್ಟರಲ್ಲಿ ಮಂಜು ಮುಚ್ಚಿರುತ್ತಿತ್ತು, ಇಲ್ಲವೇ ಗಂಡ ಸೀಟಿ ಊದಿರುತ್ತಿದ್ದ. ಆಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ ಮಾತು.

"ಪರವಾಗಿಲ್ಲ ಬಿಡೇ. ಮುಂದಿನ ಸಲ ನೋಡಿದ್ರಾಯ್ತು."

ಕೆಟ್ಟ ಮನುಷ್ಯನಲ್ಲ ಅವನು. ಅದನ್ನು ನಿಜವಾಗಿಯೂ ನಂಬಿಯೇ ಹೇಳುತ್ತಿದ್ದ.

ಮೂವತ್ತೆರಡನೆಯ ವರ್ಷ ಆಗಸ್ಟ್ ರಜೆ ಬಂತು. ಮುದಿಯನ್ಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಂದಿನಂತೆ ನೋಟುಪುಸ್ತಕ ಬಿಚ್ಚಿದ.

"ಮೆನಿಕೆ, ಈ ಸಲ ತ್ರಿಕೋಣಮಲೆ. ಮೂವತ್ತೈದು ಜನ ಅಂತ ಇಟ್ಕೋ. ಕೆಂಪಕ್ಕಿ ಎಷ್ಟು ಬೇಕು?"

ಮೆನಿಕೆ ಹಲಸಿನ ಗುಜ್ಜೆ ಹೆಚ್ಚುತ್ತಿದ್ದವಳು ಕತ್ತಿ ಕೆಳಗಿಟ್ಟಳು. "ನಂಗೊತ್ತಿಲ್ಲ. ನಾನು ಬರಲ್ಲ."

"ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಅದಕ್ಕೇ ಬರಲ್ಲ."

ಮುದಿಯನ್ಸೆಗೆ ನಿಂತ ನೆಲ ಕುಸಿದಂತಾಯಿತು. ಮೆನಿಕೆ ಇಲ್ಲದ ನಡೆ ಎಂದರೆ ಮಧ್ಯಾಹ್ನ ಒಂದು ಗಂಟೆಗೆ ಮೂವತ್ತೈದು ಹಸಿದ ಹೊಟ್ಟೆಗಳು ಮತ್ತು ಒಬ್ಬ ಗುರು. ಅವನು ಅಲ್ಲೇ ಮಣೆಯ ಮೇಲೆ ಕೂತುಬಿಟ್ಟ. ಆಗ ಅವಳು, ಮದುವೆಯಾದ ನಲವತ್ತೆರಡು ವರ್ಷದಲ್ಲಿ ಒಮ್ಮೆಯೂ ಹೇಳದ್ದನ್ನು ಹೇಳಿದಳು.

"ಹೋದ ವರ್ಷ ಕಿತುಲ್‌ಗಲದ ಹೊಳೇಲಿ ನಾನು ಪಾತ್ರೆ ತಿಕ್ತಾ ಇದ್ದೆ, ನೆನಪಿದ್ಯಾ? ನೀವೆಲ್ಲ ಮೇಲೆ ಸೇತುವೆ ಹತ್ರ ಇದ್ರಿ. ಆಗ ಒಂದು ರಬ್ಬರ್ ದೋಣಿ ಬಂತು. ಅದ್ರಲ್ಲೊಬ್ಬಳು ಬಿಳೀ ಮುದುಕಿ. ನನಗಿಂತ ಹತ್ತು ವರ್ಷಕ್ಕಾದ್ರೂ ದೊಡ್ಡೋಳು. ತಲೆಗೆ ಕೆಂಪು ಟೋಪಿ. ನೀರು ಎತ್ತಿ ಎತ್ತಿ ಕುಕ್ತಾ ಇದೆ, ಅವಳು ಬಾಯಿ ಬಿಟ್ಕೊಂಡು ಕಿರಿಚ್ತಾ ಇದಾಳೆ, ನಗ್ತಾ ಇದಾಳೆ. ನನ್ನ ನೋಡಿ ಕೈ ಬೀಸಿದ್ಳು."

"ನೀನೇನ್ ಮಾಡ್ದೆ?"

"ಸೌಟು ಎತ್ತಿ ತೋರ್ಸಿದೆ. ಕೈಲಿ ಅದೇ ಇತ್ತು." ಅವಳು ಕೈಗಂಟಿದ ಗುಜ್ಜೆಯ ಮೇಣ ಒರೆಸಿಕೊಂಡಳು. "ಒಂದು ವರ್ಷದಿಂದ ಅದೇ ಕಣ್ಣಿಗೆ ಕಟ್ಟಿದೆ. ನನಗೂ ಆ ದೋಣೀಲಿ ಕೂರ್ಬೇಕು. ಮತ್ತೆ ಕೇಳಿ, ಇನ್ನೂ ಇದೆ. ರಾತ್ರಿ ಮಲಗೋಕೆ ಮೆತ್ತನೆ ಹಾಸಿಗೆ ಬೇಕು, ಯಾತ್ರಿಕರ ಛತ್ರದ ಸಿಮೆಂಟಲ್ಲ. ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರ್ಬೇಕು. ಬೆಳಿಗ್ಗೆ ನಾನು ಏಳೋ ಮುಂಚೆ ಬೇರೆ ಯಾರಾದ್ರೂ ಮಾಡಿದ ಚಹಾ ಬರ್ಬೇಕು. ಒಲೆ ನನ್ನ ಕಣ್ಣಿಗೆ ಕಾಣಬಾರದು. ಮತ್ತೆ ಇಬ್ರೇ ಹೋಗೋದು, ನೀವು ನಾನು. ಆಗುತ್ತಾ ಹೇಳಿ. ಆಗಲ್ಲ ಅಂದ್ರೆ ನಿಮ್ಮ ನಡೆಗೆ ಇನ್ನು ಈ ಜನ್ಮದಲ್ಲಿ ನಾನಿಲ್ಲ."

"ದೋಣೀಲಿ ಪ್ರಾಣ ಹೋಗೋ ಹಾಗೆ ಕುಕ್ಬೇಕು, ಮಲಗೋಕೆ ಹಾಸಿಗೆ ಮೆತ್ತಗಿರ್ಬೇಕು ಅಂದ್ರೆ ಹೇಗೆ?"

"ಮೂವತ್ತೊಂದು ವರ್ಷ ಎಲ್ರಿಗೂ ಎಲ್ಲಾ ಹೊಂದಿಸಿ ಕೊಟ್ಟವರು ನೀವು. ನನಗೆ ಒಂದ್ಸಲ ಹೊಂದಿಸಿ ನೋಡೋಣ."

ಅವಳು ಮತ್ತೆ ಕತ್ತಿ ಎತ್ತಿಕೊಂಡಳು. ಮುದಿಯನ್ಸೆ ಎದ್ದು ಬಂದು, ಪುಸ್ತಕದಲ್ಲಿ ತ್ರಿಕೋಣಮಲೆಯನ್ನು ಹೊಡೆದುಹಾಕಿ, ಹೊಸ ಹಾಳೆಯ ಮೇಲೆ "ಮೆನಿಕೆ" ಎಂದು ಬರೆದು ಅಡಿಗೆರೆ ಎಳೆದ.

ಹೇಳುವುದೇನು, ಕೆಲಸಕ್ಕೆ ಇಳಿದರೆ ಅವನು ಅವನೇ. ಊರಿನವರಿಗೆ ಹಲ್ಲುನೋವು ಎಂದು ಹೇಳಿ ಒಬ್ಬನೇ ಬಸ್ಸು ಹತ್ತಿ ಕಿತುಲ್‌ಗಲಕ್ಕೆ ಹೋದ. ಹೊಳೆದಂಡೆಯಲ್ಲಿ ಜಯವೀರ ಮುದಲಾಳಿ ಎಂಬ ಸಾಹುಕಾರನ ವಸತಿಗೃಹ. ಮುದಿಯನ್ಸೆ ಹಾಸಿಗೆಯ ಮೇಲೆ ಮೊದಲು ಕೂತ, ಆಮೇಲೆ ಮಲಗಿದ, ಆಮೇಲೆ ಮಗ್ಗುಲು ಬದಲಿಸಿ ನೋಡಿದ. ಮುದಲಾಳಿ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ.

"ನಿದ್ದೆ ಬಂತಾ ಸ್ವಾಮಿ?"

"ಬಿಸಿನೀರು?"

ಮುದಲಾಳಿ ನಲ್ಲಿ ತಿರುಗಿಸಿದ. ಮುದಿಯನ್ಸೆ ಗಡಿಯಾರ ನೋಡಿದ. "ಒಂದು ನಿಮಿಷ ನಲವತ್ತು ಸೆಕೆಂಡು. ತಡ ಆಯ್ತು. ಚಹಾ ಎಷ್ಟೊತ್ತಿಗೆ?"

"ಎದ್ದು ಕರೆದ ಕೂಡಲೇ ತರ್ತೀವಿ."

"ಏಳೋ ಮುಂಚೆ ಬರ್ಬೇಕು."

"ಏಳೋ ಮುಂಚೆ ಬಂದ್ರೆ ಕುಡಿಯೋದು ಹೇಗೆ?"

"ಅದೆಲ್ಲ ನಂಗೊತ್ತಿಲ್ಲಪ್ಪ. ಷರತ್ತು ಹಾಗಿದೆ."

ಐದೂ ನಲವತ್ತೈದಕ್ಕೆ ಬಾಗಿಲ ಹೊರಗೆ ಕೆಟಲ್ ಇಡುವುದೆಂದು ಒಪ್ಪಂದವಾಯಿತು. ಅಲ್ಲಿಂದ ದೋಣಿಯವನ ಬಳಿ. ರುವಾನ್ ಎಂದು ಅವನ ಹೆಸರು, ಕತ್ತು ಕಾಣದಷ್ಟು ಭುಜ.

"ಹೆಂಗಸಿಗೆ ಅರವತ್ತಮೂರು. ಈಜು ಬರಲ್ಲ. ಕೂರಬಹುದಾ?"

"ಮೊಣಕಾಲು ಗಟ್ಟಿ ಇದ್ಯಾ ಮಾವ?"

"ಮೊಣಕಾಲಾ? ಮೂವತ್ತೈದು ಜನದ ಅನ್ನದ ಹಂಡೆ ಎತ್ತಿ ಇಳಿಸ್ತಾಳೆ."

"ಹಂಗಾದ್ರೆ ಅವರೇ ನಮ್ಮನ್ನ ಹಿಡ್ಕೋಬೇಕು ಬಿಡಿ. ನೀವೂ ಕೂರ್ತೀರಾ?"

ಮುದಿಯನ್ಸೆ ಹೊಳೆಯನ್ನು ನೋಡಿದ. ಹೊಳೆ ಅವನನ್ನು ನೋಡಿತು. ನಿಲ್ದಾಣದಲ್ಲಿ ಎಷ್ಟು ಬಸ್ಸುಗಳನ್ನು ಹೆದರಿಸಿದ್ದರೇನು, ನೀರು ಸೀಟಿ ಕೇಳುವುದಿಲ್ಲ. "ಯಾರಾದ್ರೂ ಚಪ್ಪಲಿ ಕಾಯ್ಬೇಕಲ್ಲ" ಎಂದ. ಆದರೆ ಸುಮ್ಮನೆ ಬರಲಿಲ್ಲ. ದಂಡೆಯುದ್ದಕ್ಕೂ ನಡೆದು, ಎಲ್ಲಕ್ಕಿಂತ ಜೋರಾಗಿ ನೀರು ಕುಕ್ಕುವ ಜಾಗದ ಎದುರಿಗೆ ಒಂದು ಚಪ್ಪಟೆ ಬಂಡೆ ಹುಡುಕಿದ. ದೋಣಿ ಅಲ್ಲಿ ಹಾಯುವುದು ಎಷ್ಟೊತ್ತಿಗೆ ಎಂದು ಕೇಳಿದ. "ಬಂದಾಗ ಬರುತ್ತೆ ಮಾವ" ಎಂದ ರುವಾನ್. ಆ ಉತ್ತರ ಮುದಿಯನ್ಸೆಗೆ ಹಿಡಿಸಲಿಲ್ಲ. ಮೂರು ದೋಣಿಗಳನ್ನು ಕಾದು, ಲೆಕ್ಕ ಹಾಕಿ, "ಹತ್ತು ನಲವತ್ತು, ಚಪ್ಪಟೆ ಬಂಡೆ" ಎಂದು ಬರೆದುಕೊಂಡ.

ಮನೆಗೆ ಬಂದು ಹೆಂಡತಿಗೆ ಹೇಳಿದ: "ಆ ಬಂಡೆ ಮೇಲೆ ನಿಂತು ನಾನು ನೋಡ್ತಾ ಇರ್ತೀನಿ. ನೀನು ಈ ಕಡೆ ತಿರುಗಿ ಕೈ ಬೀಸ್ಬೇಕು."

"ನಿಜವಾಗ್ಲೂ ನೋಡ್ತೀರಾ?"

"ಇದೇನ್ ಹೀಗ್ ಕೇಳ್ತೀಯ!"

ಮರುದಿನ ಮೆನಿಕೆ ಕೇಗಾಲೆಗೆ ಹೋಗಿ ಬಿಳಿ ಕ್ಯಾನ್ವಾಸ್ ಶೂ ಕೊಂಡು ತಂದಳು. ಜೀವನದಲ್ಲಿ ಮೊದಲ ಶೂ. ಬಾಗಿಲು ಹಾಕಿಕೊಂಡು ನಡುಮನೆಯ ಉದ್ದಕ್ಕೂ ನಡೆದು ನಡೆದು ಅಭ್ಯಾಸ ಮಾಡಿದಳು.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸುಸೂತ್ರವಾಗಿರುತ್ತಿತ್ತು. ಆದರೆ ನೆಕಾತ್ ನೋಡಿಸದೆ, ಎಂದರೆ ಒಳ್ಳೆಯ ಗಳಿಗೆ ಕೇಳದೆ, ನಮ್ಮವರು ಸೀನುವುದೂ ಇಲ್ಲ. ಸದ್ದಿಲ್ಲದೆ ಇಬ್ಬರೇ ಹೋಗಿಬರುತ್ತೇವೆ ಎಂದು ಹೊರಟ ಮನುಷ್ಯ ಗಳಿಗೆ ಕೇಳಲು ಜೋಯಿಸ ಅಪ್ಪುಹಾಮಿಯ ಜಗಲಿಗೆ ಹೋಗಿ ಕೂತನಲ್ಲ, ಇವನಿಗೆ ಏನೆನ್ನಬೇಕು!

"ದಕ್ಷಿಣ ದಿಕ್ಕಿಗೆ ಒಂದು ಪ್ರಯಾಣ" ಎಂದ ಮುದಿಯನ್ಸೆ, ಅತ್ತಿತ್ತ ನೋಡುತ್ತ. "ದೂರದ ನೆಂಟರ ಮನೇಲಿ ಸಾವು."

ಅಪ್ಪುಹಾಮಿ ಕನ್ನಡಕದ ಮೇಲಿಂದ ನೋಡಿದ. "ಸಾವಿನ ಮನೆಗೆ ಗಳಿಗೆ ನೋಡೋ ಪದ್ಧತಿ ಯಾವತ್ತಿಂದ ಬಂತಪ್ಪ?"

"ಇನ್ನೂ ಸತ್ತಿಲ್ಲ."

"ಯಾವಾಗ ಸಾಯ್ತಾರೆ?"

"ಬರೋ ಶನಿವಾರ."

ಅಪ್ಪುಹಾಮಿ ಪಂಚಾಂಗ ಮಡಚಿದ. "ಮುದಿಯನ್ಸೆ, ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಕಾಣಲ್ಲ ಅಂದ್ಕೊಳ್ತಂತೆ. ನಿಜ ಹೇಳು."

ಹೇಳಿದ. ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಅಪ್ಪುಹಾಮಿಯಿಂದ ಭಾಷೆ ತೆಗೆದುಕೊಂಡ. ಶನಿವಾರ ಬೆಳಿಗ್ಗೆ ಆರು ಹನ್ನೆರಡು, ಪೂರ್ವಕ್ಕೆ ಮುಖ, ಬಲಗಾಲು ಮೊದಲು. ಅಪ್ಪುಹಾಮಿ ಕೊಟ್ಟ ಮಾತಿಗೆ ತಪ್ಪಲಿಲ್ಲ, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಅದೇ ಸಂಜೆ ಮುದಿಯನ್ಸೆಯ ತಂಗಿ ಸೋಮಲತಾ ಹೊಸ ಬಾಗಿಲು ಕೂರಿಸಲು ಗಳಿಗೆ ಕೇಳಿಕೊಂಡು ಬಂದಳು. "ಶನಿವಾರ ಆಗುತ್ತಾ?" ಎಂದಳು. "ಅಯ್ಯೋ, ಶನಿವಾರ ಬೇಡಮ್ಮ" ಎಂದ ಅಪ್ಪುಹಾಮಿ, "ಅವತ್ತು ಊರಲ್ಲಿ ಯಾರೂ ಇರಲ್ಲ." ಮುದಿಯನ್ಸೆ ಹೊರಟ ಮೇಲೆ ಊರಿನಲ್ಲಿ ಯಾರಾದರೂ ಉಳಿಯುತ್ತಾರೆ ಎಂಬುದು ಆ ಮುದುಕನ ತಲೆಗೇ ಹೊಳೆದಿರಲಿಲ್ಲ.

ಇನ್ನು ನಾಣ್ಯ. ಗುಡಿಯಲ್ಲಿ ನಾಣ್ಯ ಕಟ್ಟುವುದನ್ನು ಯಾರಾದರೂ ಕಂಡರೆ ಗುಟ್ಟು ರಟ್ಟಾಗುತ್ತದೆ ಎಂದು ಮುದಿಯನ್ಸೆ ಹೆದರಿದ. ಆಗಲೇ ರಟ್ಟಾಗಿತ್ತು ಎಂಬುದು ಪಾಪ ಅವನಿಗೆ ಗೊತ್ತಿರಲಿಲ್ಲ. "ನೀನು ಹೇಗೂ ದಿನಾ ಹೂವು ಇಡೋಕೆ ಹೋಗ್ತೀಯಲ್ಲ, ನೀನೇ ಕಟ್ಟಿ ಬಾ" ಎಂದು ಮೆನಿಕೆಯನ್ನು ಕಳಿಸಿದ. ಇಬ್ಬರೇ ಹೋಗುವ ದಾರಿಗೆ ಗುರು ಯಾರಾದರೇನು ಎಂದುಕೊಂಡ. ಅವಳು ನಾಣ್ಯ ತೊಳೆದು ಬಟ್ಟೆಯಲ್ಲಿ ಸುತ್ತಿ ಮೂರು ಗಂಟು ಹಾಕಿ ಬಂದಳು.

ಶನಿವಾರ ಬೆಳಿಗ್ಗೆ ದೀಪ ಹಚ್ಚಿದರು. ಹಾಲನ್ನ ತಿಂದರು. ಮೆನಿಕೆ ಶೂ ಕಟ್ಟಿ, ಒಂದು ಸಣ್ಣ ಚೀಲ ಹಿಡಿದಳು. ಅದರಲ್ಲಿ ಒಂದು ಚಮಚ ಕೂಡ ಇರಲಿಲ್ಲ. ಮುಟ್ಟಿ ಮುಟ್ಟಿ ನೋಡಿಕೊಂಡಳು. ಸರಿಯಾಗಿ ಆರು ಹನ್ನೆರಡಕ್ಕೆ ಮುದಿಯನ್ಸೆ ಬಾಗಿಲು ತೆಗೆದ. ಇಬ್ಬರೂ ಬಲಗಾಲು ಹೊರಗಿಟ್ಟರು.

ಅಂಗಳದಾಚೆ ಡ್ರೈವರ್ ಸಿರಿಪಾಲನ ಬಸ್ಸು ನಿಂತಿತ್ತು. ಮುಂದಿನ ಗಾಜಿಗೆ ಮಲ್ಲಿಗೆ ಹಾರ. ಒಳಗೆ ಡೋಲಕ್ಕು, ತಮ್ಮಟೆ, ಇಪ್ಪತ್ತೊಂಬತ್ತು ಜನ. ಚಾವಣಿಯ ಮೇಲೆ ಅನ್ನದ ಹಂಡೆ, ಬೇಳೆಯ ಹಂಡೆ, ಸೌದೆ, ಒಂದು ಮೂಟೆ ತೆಂಗಿನಕಾಯಿ. ಮತ್ತೆ ಎಲ್ಲದರ ಮೇಲೆ, ಸಿಂಹಾಸನದಂತೆ, ಹೆರೆಮಣೆ.

"ಬಂದ್ರು, ಬಂದ್ರು! ಗುರುಗಳು ಬಂದ್ರು!" ಎಂದು ಬಸ್ಸೆಲ್ಲ ಕೂಗಿತು.

ಸೋಮಲತಾ ಇಳಿದು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಏನಣ್ಣಾ, ಹಲ್ಲುನೋವು ವಾಸಿ ಆಯ್ತಾ? ನಮ್ಮನ್ನೆಲ್ಲ ಬಿಟ್ಟು ಕದ್ದು ಹೋಗೋಕೆ ನಾವೇನು ಪಾಪ ಮಾಡಿದ್ವಿ? ಹೋಗ್ಲಿ ಬಿಡು, ನಿನಗೆ ತೊಂದ್ರೆ ಬೇಡ ಅಂತ ನಾವೇ ಎಲ್ಲಾ ಹೊಂದಿಸ್ಕೊಂಡು ಬಂದ್ವಿ. ಅತ್ತಿಗೇ, ಒಣಮೀನು ನಾನು ಹುರಿದು ತಂದಿದೀನಿ. ನಿಂಗೆ ಬರೀ ಅನ್ನ, ಬೇಳೆ, ಕಾಯಿ ಚಟ್ನಿ, ಎರಡು ಪಲ್ಯ ಅಷ್ಟೇ. ಇವತ್ತು ನಿಂಗೆ ಪೂರ್ತಿ ರಜಾ!"

ಮೆನಿಕೆ ಚಾವಣಿಯ ಮೇಲಿನ ಹೆರೆಮಣೆ ನೋಡಿದಳು. ಗಳಿಗೆಯಲ್ಲಿ ಹೊರಗಿಟ್ಟ ಕಾಲನ್ನು ಮತ್ತೆ ಒಳಗಿಡುವಂತಿಲ್ಲ. ಹಾಗಾಗಿ ಮೆಟ್ಟಿಲ ಮೇಲೆ ಕೂತಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಬಗ್ಗಿ ಶೂ ದಾರ ಬಿಚ್ಚತೊಡಗಿದಳು.

ಮುದಿಯನ್ಸೆ ಆ ಕೈಗಳನ್ನು ನೋಡಿದ. ಎಡಗಾಲಿನ ದಾರ ಬಿಚ್ಚಿಯಾಯಿತು, ಬಲಗಾಲಿಗೆ ಕೈ ಹೋಯಿತು. ಆ ಶೂ ಇಂದು ಬಿಚ್ಚಿದರೆ ಇನ್ನು ಅದನ್ನು ಯಾರೂ ಕಾಣುವುದಿಲ್ಲ, ದೋಣಿಯ ಮಾತೂ ಈ ಮನೆಯಲ್ಲಿ ಮತ್ತೆ ಬರುವುದಿಲ್ಲ ಎಂದು ಅವನಿಗೆ ಅರ್ಥವಾಯಿತು. ಆದರೆ ಅತ್ತ ಇಪ್ಪತ್ತೊಂಬತ್ತು ಜನ ಅವನ ಕೊರಳಿನ ಸೀಟಿಯನ್ನೇ ನೋಡುತ್ತಿದ್ದಾರೆ! ಊದಿದರೆ ಸಾಕು, ಬಸ್ಸು ಹೊರಟು ಎಲ್ಲ ಎಂದಿನಂತೆ ಆಗುತ್ತದೆ. ಅವನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಕೈ ಸೀಟಿಯ ತನಕ ಹೋಗಿತ್ತು.

"ಈ ಸಲ ನಾಣ್ಯ ಕಟ್ಟಿದ್ದು ನಾನಲ್ಲ" ಎಂದ.

ಡೋಲಕ್ಕು ನಿಂತಿತು. ಸೋಮಲತಾ, "ಮತ್ಯಾರು?" ಎಂದಳು.

"ಇವಳು."

ಅವನು ಸೀಟಿಯ ದಾರವನ್ನು ಕೊರಳಿಂದ ತೆಗೆದ. ಕಿವಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡು, ಮೆಟ್ಟಿಲ ಮೇಲೆ ಕೂತ ಹೆಂಡತಿಯ ಕೊರಳಿಗೆ ಹಾಕಿದ. ಬಸ್ಸಿನಲ್ಲಿ ಯಾರೋ ನಕ್ಕರು. ಗುಡಿಯ ದೇವರ ನೆನಪಾಗಿ ಬಾಯಿ ಮುಚ್ಚಿಕೊಂಡರು.

ಮೆನಿಕೆ ಸೀಟಿಯನ್ನು ಬೆರಳಲ್ಲಿ ಹಿಡಿದು ನೋಡಿದಳು. ಗಂಡನ ಮುಖ ನೋಡಿದಳು. ಎಡಗಾಲಿನ ಶೂ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. ಎದ್ದು ನಿಂತು ಊದಿದಳು ನೋಡಿ, ಗದ್ದೆಯ ಕೊಕ್ಕರೆಗಳೆಲ್ಲ ಹಾರಿಹೋದವು.

"ಕೇಳಿ ಎಲ್ರೂ" ಎಂದಳು. "ಕಿತುಲ್‌ಗಲಕ್ಕೆ ಹೋಗ್ತೀವಿ. ಇವತ್ತು ಅಡುಗೆ ಗಂಡಸರದ್ದು. ಹೆಂಗಸರಲ್ಲಿ ಯಾರಾದ್ರೂ ಸೌಟು ಮುಟ್ಟಿದ್ರೆ ಅವರನ್ನ ಅಲ್ಲೇ ಇಳಿಸಿ ಬರ್ತೀನಿ. ಸಾಯಂಕಾಲ ನಾಲ್ಕಕ್ಕೆ ಬಸ್ಸು ವಾಪಸ್ ಹೊರಡುತ್ತೆ. ನಾವಿಬ್ರೂ ಅಲ್ಲೇ ಉಳ್ಕೋತೀವಿ."

"ಅದ್ಹೆಂಗತ್ತಿಗೆ?" ಎಂದಳು ಸೋಮಲತಾ. "ಗುರು ಇಲ್ದೆ ನಡೆ ಮುಗಿಯೋದು ಹೆಂಗೆ?"

"ಮುಗಿಯಲ್ಲ. ನಾನು ಬಂದು ಗಂಟು ಬಿಚ್ಚೋ ತನಕ ನೀವೆಲ್ಲ ನಿಮ್ಮನಿಮ್ಮ ಮನೇಲಿದ್ರೂ ನಡೇಲೇ ಇರ್ತೀರಿ. ನನ್ನ ಮಾತಿಗೆ ಎದುರಾಡೋ ಹಾಗಿಲ್ಲ. ನನಗೆ ಅಲ್ಲಿ ಇಷ್ಟ ಆದ್ರೆ ಒಂದು ವಾರ ಆದ್ರೂ ಆಯ್ತು."

ಗಂಡಸರು ಪರಸ್ಪರ ಮುಖ ನೋಡಿಕೊಂಡರು. ಹೆಂಗಸರು ಮಾತ್ರ ಆಗಲೇ ತಮ್ಮಟೆ ಬಾರಿಸಲು ಶುರುಮಾಡಿದ್ದರು.

ಡ್ರೈವರ್ ಪಕ್ಕದ ಮುಂದಿನ ಸೀಟಿನಲ್ಲಿ, ಮೂವತ್ತೊಂದು ವರ್ಷ ಮುದಿಯನ್ಸೆ ಕೂತ ಜಾಗದಲ್ಲಿ, ಮೆನಿಕೆ ಕೂತಳು. ಮುದಿಯನ್ಸೆಗೆ ಸಿಕ್ಕಿದ್ದು ಕೊನೆಯ ಸಾಲು, ಅವಳು ಪ್ರತಿಸಲ ಕೂರುತ್ತಿದ್ದ ಮೂಲೆ. ಕಾಲ ಬಳಿ ಎಣ್ಣೆಯ ಡಬ್ಬ, ಮಡಿಲಲ್ಲಿ ಉಪ್ಪಿನ ಜಾಡಿ, ಪಕ್ಕದಲ್ಲಿ ಈರುಳ್ಳಿ ಮೂಟೆ ಕಿಟಕಿಗೆ ಅಡ್ಡ. ಹೊರಗೆ ಎಲ್ಲಿ ಬಂತು, ಏನು ಬಂತು, ಒಂದೂ ಕಾಣದು. ಪ್ರತಿ ತಿರುವಿಗೂ ಡಬ್ಬ ಬಂದು ಮೊಣಕಾಲಿಗೆ ಬಡಿಯುತ್ತಿತ್ತು. ಯಟಿಯಾಂತೋಟ ದಾಟಿತೋ ಇಲ್ಲವೋ? ಹತ್ತು ನಲವತ್ತಕ್ಕೆ ಬಂಡೆಯ ಮೇಲಿರಬೇಕಲ್ಲ! ಗಡಿಯಾರ ನೋಡಿದ, ಮತ್ತೆ ನೋಡಿದ, ಕೊನೆಗೆ ತಡೆಯಲಾರದೆ ಕತ್ತು ಚಾಚಿ ಕೂಗಿದ.

"ಸಿರಿಪಾಲಾ, ಇನ್ನೆಷ್ಟು ದೂರನೋ?"

ಇಪ್ಪತ್ತೊಂಬತ್ತು ಬಾಯಿ ಒಟ್ಟಿಗೆ: "ಹತ್ತು ಕಾಯಿ! ಹತ್ತು ಕಾಯಿ!" ಸೋಮಲತಾ ಅಂತೂ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ನೆ ಹೇಳಿಲ್ಲ ಅಣ್ಣಾ!" ಮುದಿಯನ್ಸೆ ಮುಂದಿನ ಸೀಟಿನ ಕಡೆ ದೀನನಾಗಿ ನೋಡಿದ. ಮೆನಿಕೆ ತಿರುಗದೆ, ಕನ್ನಡಿಯಲ್ಲೇ ಅವನನ್ನು ನೋಡುತ್ತ ಹೇಳಿದಳು.

"ಕಟ್ಟಳೆ ನಂದಲ್ಲ. ಹತ್ತೂ ತುರೀಬೇಕು. ಒಂದೂವರೆಗೆ ಎದ್ದು ಹೋಗೋ ಹಾಗಿಲ್ಲ."

ಹೊಳೆದಂಡೆಯಲ್ಲಿ ಒಲೆ ಹೂಡಿದರು. ಗಂಡಸರು ಸೌದೆಗೆ ಎಣ್ಣೆ ಸುರಿದರು, ಬೆಂಕಿಗೆ ಬೈದರು, ಅಕ್ಕಿಗೆ ನೀರು ಎಷ್ಟೆಂದು ಜಗಳವಾಡಿದರು. ಮುದಿಯನ್ಸೆ ಹೆರೆಮಣೆಯ ಮೇಲೆ ಕೂತ. ರುವಾನ್ ಮೆನಿಕೆಗೆ ಕೆಂಪು ಟೋಪಿ ತೊಡಿಸಿ, ತೇಲುವ ಅಂಗಿಯ ಪಟ್ಟಿ ಬಿಗಿದ. ಅವಳು ಹೋಗುವ ಮುನ್ನ ಒಮ್ಮೆ ಇತ್ತ ಬಂದಳು.

"ಹತ್ತು ನಲವತ್ತಲ್ವಾ?"

"ಹತ್ತು ನಲವತ್ತು. ನೀನು ಹೋಗು. ಏಳನೇ ಕಾಯಿ ಮುಗೀತು, ಇನ್ನು ಮೂರೇ."

ಹತ್ತು ಮೂವತ್ತಕ್ಕೆ ಎಂಟನೆಯದು ಮುಗಿಯಿತು. ಒಂಬತ್ತನೆಯದು ಹಾಳಾದ್ದು, ಗಟ್ಟಿ ಕಾಯಿ. ಬೆರಳು ಕುಯ್ದುಕೊಂಡ. ಹೊಗೆ ಎಲ್ಲ ಬಿಟ್ಟು ಅವನ ಕಣ್ಣಿಗೇ ಬಂತು. ಇನ್ನೊಂದೇ, ಇನ್ನೊಂದೇ ಎಂದು ಬಗ್ಗಿ ಗರಗರ ಎಳೆಯುತ್ತಿದ್ದಾಗ ದಂಡೆಯಲ್ಲಿ ಹೋ ಎಂದು ಕೂಗೆದ್ದಿತು. ಚಪ್ಪಾಳೆ, ತಮ್ಮಟೆ, ಯಾರೋ "ಅತ್ತಿಗೇ!" ಎಂದು ಕಿರುಚಿದರು. ಅವನು ಕಾಯಿ ಎಸೆದು, ಎದ್ದು, ಬೇಳೆಯ ಬುಟ್ಟಿ ಎಡವಿ, ಬಂಡೆಗೆ ಓಡಿದ. ನೀರು ಬೆಳ್ಳಗೆ ಕುಣಿಯುತ್ತಿತ್ತು. ತಿರುವಿನಾಚೆ ಏನೋ ಕೆಂಪಗೆ ಒಮ್ಮೆ ಕಂಡು ಮಾಯವಾಯಿತು.

"ಹೋದ್ಳಾ?" ಎಂದ.

"ಹೋದ್ಲಲ್ಲ!" ಎಂದಳು ಸೋಮಲತಾ. "ಅಬ್ಬಾ, ಏನ್ ಕೈ ಬೀಸಿದ್ಲು ಅಂತೀಯ! ಈ ಬಂಡೆ ಕಡೆಗೇ ತಿರುಗಿ ತಿರುಗಿ ಬೀಸ್ತಾ ಇದ್ಲು. ನೀನೆಲ್ಲಿದ್ದೆ?"

ಮುಕ್ಕಾಲು ಗಂಟೆಯ ಮೇಲೆ ಮೆನಿಕೆ ರಸ್ತೆಯಲ್ಲಿ ನಡೆದು ಬಂದಳು. ಮುಡಿ ಬಿಚ್ಚಿತ್ತು, ಮೈಯೆಲ್ಲ ನೀರು, ಹೊಸ ಶೂ ಹೆಜ್ಜೆಗೊಮ್ಮೆ ಪಚಕ್ ಪಚಕ್ ಎನ್ನುತ್ತಿತ್ತು. ನಲವತ್ತೆರಡು ವರ್ಷದಲ್ಲಿ ಅವನು ಆ ಮುಖ ಕಂಡಿರಲಿಲ್ಲ.

"ನೋಡಿದ್ರಾ?" ಎಂದಳು, ಏದುಸಿರಿನಲ್ಲೇ.

ಸುಳ್ಳು ಹೇಳಬಹುದಿತ್ತು. ಕೈಯೆಲ್ಲ ಕಾಯಿತುರಿ ಮೆತ್ತಿಕೊಂಡಿತ್ತು. "ಕಾಯಿ ತುರೀತಿದ್ದೆ" ಎಂದ.

ಅವಳು ಅವನ ಕೈ ನೋಡಿದಳು, ಕುಯ್ದ ಬೆರಳು ನೋಡಿದಳು, ಹೊಗೆಗೆ ಕೆಂಪಾದ ಕಣ್ಣು ನೋಡಿದಳು. ಆಮೇಲೆ, ಸಿಟ್ಟಿಲ್ಲದೆ, ತೀರಾ ಮೆತ್ತಗೆ ಹೇಳಿದಳು.

"ಪರವಾಗಿಲ್ಲ ಬಿಡಿ. ಮುಂದಿನ ಸಲ ನೋಡಿದ್ರಾಯ್ತು."

ಮುದಿಯನ್ಸೆಗೆ ಕಪಾಳಕ್ಕೆ ಹೊಡೆದಂತಾಯಿತು. ಮೂವತ್ತೊಂದು ಸಲ ಅವನು ಆಡಿದ ಮಾತು. ಕೇಳಿದ್ದು ಇದೇ ಮೊದಲು. ಕೈಯ ತುರಿಯನ್ನು ಬಟ್ಟೆಗೆ ಒರೆಸಿಕೊಂಡ. ಆಮೇಲೆ ರುವಾನ್‌ನ ಬಳಿಗೆ ಹೋಗಿ, "ಇನ್ನೊಂದು ದೋಣಿ ಎಷ್ಟೊತ್ತಿಗೆ?" ಎಂದು ಕೇಳಿದ.

"ಊಟ ಆದ ಮೇಲೆ, ಎರಡರ ಹೊತ್ತಿಗೆ. ಬಂದಾಗ ಬರುತ್ತೆ ಮಾವ."

"ಬಂದಾಗ ಬರಲಿ. ಇವಳನ್ನ ಇನ್ನೊಂದ್ಸಲ ಕೂರಿಸ್ಕೋ."

"ಇನ್ನೊಂದ್ಸಲವಾ?" ಎಂದಳು ಮೆನಿಕೆ. ಬೇಡ ಎನ್ನಲಿಲ್ಲ.

"ಗುರು ಅಪ್ಪಣೆ ಕೊಟ್ರೆ" ಎಂದ ಮುದಿಯನ್ಸೆ.

ಗುರು ಒಂದು ಸಣ್ಣ ಸೀಟಿ ಊದಿದಳು.

ಅಡುಗೆ ಎರಡು ಗಂಟೆಯಾದರೂ ಮುಗಿದಿರಲಿಲ್ಲ. ಗಂಡಸರ ಅಡುಗೆ ಎಂದರೆ ಅದೇ. ಮುದಿಯನ್ಸೆಯ ಪಾಲಿಗೆ ಬೇಳೆ ಕಲಕುವ ಕೆಲಸ ಬಂದಿತ್ತು. ಆದರೆ ಒಂದೂವರೆಗೇ ಅವನು ಹೋಗಿ ಆ ಚಪ್ಪಟೆ ಬಂಡೆಯ ಮೇಲೆ ನಿಂತ. ಗಡಿಯಾರ ನೋಡಲಿಲ್ಲ. ಹಿಂದಿನಿಂದ ಯಾರೋ "ಬೇಳೆ ಹಿಡಿದಿದೆ ಮಾವ!" ಎಂದರು, ತಿರುಗಲಿಲ್ಲ. "ಅಣ್ಣಾ, ಸೀದ ವಾಸನೆ!" ಎಂದಳು ಸೋಮಲತಾ, ತಿರುಗಲಿಲ್ಲ. ಎರಡೂ ಇಪ್ಪತ್ತಕ್ಕೋ ಎರಡೂವರೆಗೋ, ಮೇಲಿನ ತಿರುವಿನಲ್ಲಿ ದೋಣಿ ಕಾಣಿಸಿತು. ನೀರು ಅದನ್ನು ಎತ್ತಿತು, ಕುಕ್ಕಿತು, ಮತ್ತೆ ಎತ್ತಿತು. ಮುಂದುಗಡೆ ಹೀನ್ ಮೆನಿಕೆ, ಬಾಯಿ ಅಗಲಕ್ಕೆ ತೆರೆದು ಕಿರುಚುತ್ತಿದ್ದಾಳೆ, ನಗುತ್ತಿದ್ದಾಳೆ. ಬಂಡೆಯ ಎದುರಿಗೆ ಬಂದಾಗ ಇವನನ್ನು ಕಂಡಳು. ಹಗ್ಗ ಬಿಟ್ಟು ಕೈ ಬೀಸಿದಳು. ಮುದಿಯನ್ಸೆಯೂ ಕೈ ಎತ್ತಿದ. ಕೈಯಲ್ಲಿ ಬೇಳೆಯ ಸೌಟಿತ್ತು.

ಅವತ್ತು ನಡೆಯವರೆಲ್ಲ ಸೀದ ಬೇಳೆಯ ಸಾರು ಉಂಡರು. ಗುರು ಎರಡನೆಯ ಸಲ ಬಡಿಸಿಕೊಂಡಿದ್ದರಿಂದ ಯಾರೂ ಏನೂ ಅನ್ನಲಿಲ್ಲ.